ಟುಟಾಂಖಾಮನ್ ಮಲಗಿರುವ ಕೋಣೆಗೆ ಹೋಗುವ ಮುಂಚೆ

ಈಜಿಪ್ಟ್‌ಗೆ ಹೊರಟಿದ್ದೇವೆ ಅಂದ ಕೂಡಲೇ ನಮ್ಮತ್ತೆ ಕೇಳಿದ್ದು, "ಆ ರಾಜನ ಗೋರಿಗೂ ಹೋಗ್ತೀರಾ? ಶಾಪ ಇದೆಯಂತಲ್ಲಾ!" ನಿಮ್ಮ ಮನೆಯಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟ್ ಆಳಿದ ಟುಟಾಂಖಾಮನ್‌ನ ಗೋರಿಯೊಳಗೆ ಕಾಲಿಟ್ಟವರು ಶಾಪ ತಗುಲಿ ಸಾಯುತ್ತಾರೆ ಅನ್ನುವ ಕಥೆಯ ಮಾತದು. ಹೆದರಬೇಡಿ, ಹೋಗಿ ಬನ್ನಿ. ಆದರೆ ಆ ಕಥೆ ಹುಟ್ಟಿದ್ದು ಹೇಗೆ ಅಂತ ತಿಳಿದುಕೊಂಡು ಹೋಗಿ. ಇಲ್ಲದಿದ್ದರೆ ಒಳಗೆ ಸಿಗುವ ಸ್ವಲ್ಪ ಹೊತ್ತೂ ಶಾಪದ ಯೋಚನೆಯಲ್ಲೇ ಕಳೆದುಹೋಗುತ್ತದೆ.

ಸಮಾಧಿ ಇರುವುದು ಲಕ್ಸರ್ ಊರಿನ ಎದುರು, ನೈಲ್ ನದಿಯ ಪಶ್ಚಿಮ ದಡದ ರಾಜರ ಕಣಿವೆಯಲ್ಲಿ. ಬೆಂಗಳೂರಿನಿಂದ ಗಲ್ಫ್‌ನಲ್ಲಿ ವಿಮಾನ ಬದಲಿಸಿ ಕೈರೋಗೆ ಹೋಗಬಹುದು. ಅಲ್ಲಿಂದ ಲಕ್ಸರ್‌ಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ, ರಾತ್ರಿ ರೈಲೂ ಇದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಣಿವೆಯಲ್ಲಿ ಎಲ್ಲಿ ನೋಡಿದರೂ ಬರೀ ಸುಣ್ಣದ ಕಲ್ಲು. ಬೆಳಗ್ಗೆ 6ಕ್ಕೇ ಬಾಗಿಲು ತೆಗೆಯುತ್ತಾರೆ, ಆಗಲೇ ಹೋಗಿಬಿಡಿ. ಲಕ್ಸರ್ ದೇವಸ್ಥಾನದ ಹತ್ತಿರ ಊರಿನ ಜನ ಓಡಾಡುವ ಫೆರಿ ಸಿಗುತ್ತದೆ. ಆಚೆ ದಡದಲ್ಲಿ ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ಸಾಮಾನ್ಯ ಟಿಕೆಟ್‌ನಲ್ಲಿ 3 ಸಮಾಧಿ ನೋಡಬಹುದು, ಆದರೆ ಟುಟಾಂಖಾಮನ್ ಅದರಲ್ಲಿ ಸೇರಿಲ್ಲ. ಅದಕ್ಕೆ ಬೇರೆ ಟಿಕೆಟ್ ತಗೊಳ್ಳಬೇಕು. ಕೌಂಟರ್‌ನಲ್ಲಿ ಕಾರ್ಡ್ ಕೇಳುತ್ತಾರೆ, ನಗದು ನಂಬಿ ಹೋಗಬೇಡಿ. ಗೈಡ್‌ಗಳು ಸಮಾಧಿಯ ಒಳಗೆ ವಿವರಣೆ ಕೊಡುವಂತಿಲ್ಲ. ಕೇಳಬೇಕಾದ್ದನ್ನೆಲ್ಲ ಹೊರಗೇ ಕೇಳಿಬಿಡಿ.

ಇನ್ನು ಶಾಪದ ವಿಷಯ. ಪ್ರವಾಹದ ಕಲ್ಲುಮಣ್ಣು ಈ ಸಮಾಧಿಯ ಬಾಗಿಲನ್ನು ಮುಚ್ಚಿತ್ತು. ಮುಂದೆ ಆರನೇ ರಾಮ್ಸೆಸ್‌ನ ಸಮಾಧಿ ತೋಡಲು ಬಂದ ಕೆಲಸಗಾರರು ಅದರ ಮೇಲೆಯೇ ಗುಡಿಸಲು ಹಾಕಿಕೊಂಡರು. ಹಾಗಾಗಿ ಅದು 3,000 ವರ್ಷಕ್ಕೂ ಜಾಸ್ತಿ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1922ರ ನವೆಂಬರ್ 4ರಂದು ಬ್ರಿಟಿಷ್ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಅವರ ತಂಡಕ್ಕೆ ಮೊದಲ ಮೆಟ್ಟಿಲು ಕಂಡಿತು. ಅಗೆತಕ್ಕೆ ಹಣ ಹಾಕಿದ್ದವರು ಇಂಗ್ಲೆಂಡಿನ ಶ್ರೀಮಂತ ಲಾರ್ಡ್ ಕಾರ್ನಾರ್ವನ್. ಅವರು 1923ರ ಏಪ್ರಿಲ್ 5ರಂದು ಕೈರೋದಲ್ಲಿ ತೀರಿಕೊಂಡರು. ಸೊಳ್ಳೆ ಕಚ್ಚಿದ ಜಾಗಕ್ಕೆ ಗಡ್ಡ ಹೆರೆಯುವಾಗ ಗಾಯವಾಗಿ, ರಕ್ತಕ್ಕೆ ನಂಜೇರಿತ್ತು. ಆಮೇಲೆ ನ್ಯುಮೋನಿಯಾ ಆಯಿತು. ಆಗ ಪೆನ್ಸಿಲಿನ್ ಇನ್ನೂ ಬಂದಿರಲಿಲ್ಲ. ಅವರು ಸಮಾಧಿಯ ಸುದ್ದಿಯನ್ನು ಲಂಡನ್‌ನ ಟೈಮ್ಸ್ ಪತ್ರಿಕೆಯೊಂದಕ್ಕೇ ಕೊಡುವುದಾಗಿ ಒಪ್ಪಂದ ಮಾಡಿಕೊಂಡಿದ್ದರು. ಬಾಗಿಲಾಚೆ ಕಾಯುತ್ತಿದ್ದ ಉಳಿದ ಪತ್ರಕರ್ತರಿಗೆ ಬರೆಯಲು ಶಾಪ ಸಿಕ್ಕಿತು.

ಒಳಗೆ ಹೋದವರೆಲ್ಲ ಸತ್ತರು ಅಂತ ಯಾರಾದರೂ ಹೇಳಿದರೆ ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಕಾರ್ನಾರ್ವನ್ ಮಗಳು ಈವ್ಲಿನ್ ಮೊದಲು ಒಳಗೆ ಕಾಲಿಟ್ಟವರಲ್ಲಿ ಒಬ್ಬರು, 1980ರವರೆಗೆ ಬದುಕಿದ್ದರು. 1925ರಲ್ಲಿ ರಾಜನ ಮಮ್ಮಿಗೆ (ಕೆಡದಂತೆ ಕಾಪಿಟ್ಟ ಶವಕ್ಕೆ) ಸುತ್ತಿದ ಬಟ್ಟೆ ಬಿಡಿಸಿ ಪರೀಕ್ಷೆ ಮಾಡಿದ ಡಗ್ಲಸ್ ಡೆರ್ರಿ ಎಂಬತ್ತು ದಾಟಿ ಬಾಳಿದರು. ಸ್ವತಃ ಕಾರ್ಟರ್ ಕೂಡ 1939ರವರೆಗೆ ಇದ್ದರು. "ಸಾವು ರೆಕ್ಕೆ ಬಿಚ್ಚಿ ಬರುತ್ತದೆ" ಅಂತ ಒಳಗೆ ಶಾಪ ಬರೆದಿತ್ತು ಅನ್ನುತ್ತಾರೆ, ಆದರೆ ಆ ಬರಹ ಈ ಸಮಾಧಿಯಲ್ಲಿ ಎಲ್ಲೂ ಇಲ್ಲ. ಹಾಗಂತ ಶಾಪ ಬರೆಯುವ ಪದ್ಧತಿಯೇ ಇರಲಿಲ್ಲ ಅಂತಲ್ಲ. ಕೈರೋ ಪಕ್ಕದ ಗೀಜಾದಲ್ಲಿ ಪೆಟೆಟಿ ಅನ್ನುವವನ ಸಮಾಧಿಯಲ್ಲಿ, ಹಾಳು ಮಾಡಿದವರನ್ನು ಮೊಸಳೆ, ನೀರಾನೆ ಹಿಡಿಯಲಿ ಅಂತ ಬರೆದಿದೆ. ಅವನು ರಾಜನಲ್ಲ.

ಒಳಗೆ ಇಳಿದಾಗ ಮೊದಲು ಅನ್ನಿಸುವುದು, ಇಷ್ಟು ಚಿಕ್ಕದೇ ಅಂತ. ಪಕ್ಕದ ರಾಜರ ಉದ್ದುದ್ದ ಸುರಂಗಗಳನ್ನು ನೋಡಿ ಬಂದರೆ ಇನ್ನೂ ಚಿಕ್ಕದು. ಬಣ್ಣದ ಚಿತ್ರ ಇರುವುದು ಶವಪೆಟ್ಟಿಗೆಯ ಕೋಣೆಯಲ್ಲಿ ಮಾತ್ರ. ಪಶ್ಚಿಮದ ಗೋಡೆಯ ಮೇಲೆ 12 ಬಬೂನ್ ಕೋತಿಗಳಿವೆ, ನೋಡದೆ ಬರಬೇಡಿ. ಗೋಡೆ ತುಂಬ ಕಂದು ಚುಕ್ಕೆ ಕಾಣುತ್ತವೆ. ಶಾಪದ ಸಾವುಗಳಿಗೆ ಕಾರಣವಾದ ವಿಷದ ಬೂಸ್ಟು ಅದೇ ಅಂತ ನಮ್ಮ ಪಕ್ಕದಲ್ಲಿದ್ದವರು ಪಿಸುಗುಟ್ಟುತ್ತಿದ್ದರು. ಹಳೆಯ ಕಲೆಯನ್ನು ಸಂರಕ್ಷಿಸುವ ಅಮೆರಿಕದ ಗೆಟ್ಟಿ ಸಂಸ್ಥೆಯ ತಜ್ಞರು ಅವನ್ನು 1920ರ ದಶಕದ ಫೋಟೋಗಳ ಜೊತೆ ಹೋಲಿಸಿ ನೋಡಿದ್ದಾರೆ. ಚುಕ್ಕೆಗಳು ಬೆಳೆದಿಲ್ಲ, ಅವನ್ನು ಮೂಡಿಸಿದ ಸೂಕ್ಷ್ಮಜೀವಿಗಳು ಯಾವತ್ತೋ ಸತ್ತಿವೆ. ಚಿತ್ರಗಳಿಗೆ ತೊಂದರೆ ಆಗಿದ್ದು ಜನರ ಉಸಿರಿನ ತೇವದಿಂದ, ಕಾಲಿನ ಧೂಳಿನಿಂದ. ಅದಕ್ಕೇ ಗಾಳಿಯಾಡುವ ಹೊಸ ವ್ಯವಸ್ಥೆ ಮಾಡಿದ್ದಾರೆ. ಗೋಡೆ ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ. ಮಕ್ಕಳಿಗೂ ಮೊದಲೇ ಹೇಳಿಡಿ.

ರಾಜ ಇನ್ನೂ ಅಲ್ಲೇ ಇದ್ದಾನೆ. 2007ರಿಂದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ. ಮುಖ ಮತ್ತು ಪಾದ ಮಾತ್ರ ಕಾಣುತ್ತದೆ. ಸಾಯುವಾಗ ಅವನಿಗೆ ಹದಿನೆಂಟೋ ಹತ್ತೊಂಬತ್ತೋ ವರ್ಷ. ಬದುಕುಳಿಯದ ಎರಡು ಹೆಣ್ಣು ಶಿಶುಗಳನ್ನೂ ಇದೇ ಸಮಾಧಿಯಲ್ಲಿ ಇಟ್ಟಿದ್ದರು. ಅವನ ಮಕ್ಕಳೇ ಇರಬೇಕು ಅನ್ನುತ್ತಾರೆ. ಇದನ್ನು ತಿಳಿದುಕೊಂಡು ಆ ಪುಟ್ಟ ಮುಖ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಜನ ಜಾಸ್ತಿ ಇದ್ದರೆ ಸ್ವಲ್ಪ ಕಾಯಿರಿ. ಅಲ್ಲಿ ಸುಮ್ನೆ ನಿಲ್ಲಲು ಎರಡು ನಿಮಿಷವಾದರೂ ಬೇಕು.

ರಾಜನ ಶವದ ಮುಖಕ್ಕೆ ಹಾಕಿದ್ದ ಪ್ರಸಿದ್ಧ ಚಿನ್ನದ ಮುಖವಾಡ ಇಲ್ಲಿ ಸಿಗುವುದಿಲ್ಲ. ಅದೂ, ಸಮಾಧಿಯಲ್ಲಿ ಸಿಕ್ಕ 5,000ಕ್ಕೂ ಹೆಚ್ಚು ವಸ್ತುಗಳೂ ಈಗ ಗೀಜಾದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನಲ್ಲಿವೆ. ಆದರೆ ಮೊದಲು ಲಕ್ಸರ್‌ಗೆ ಹೋಗಿ, ಮ್ಯೂಸಿಯಂ ಕೊನೆಗಿಡಿ. ಆ ಇಕ್ಕಟ್ಟಿನ ಕೋಣೆಗಳನ್ನು ನೋಡಿದ ಮೇಲೆ, ಅಷ್ಟೊಂದು ರಥ, ಮಂಚ, ಪೆಟ್ಟಿಗೆಗಳನ್ನು ಅಲ್ಲಿ ಹೇಗೆ ತುಂಬಿಸಿದ್ದರು ಅನ್ನುವ ಬೆರಗೇ ಬೇರೆ. ಮ್ಯೂಸಿಯಂಗೆ ಇಡೀ ದಿನ ಇಟ್ಟುಕೊಳ್ಳಿ, ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತಗೊಳ್ಳಿ. ಸಸ್ಯಾಹಾರಿಗಳು ಊಟಕ್ಕೆ ಕೊಶರಿ ಕೇಳಿ. ಅನ್ನ, ಬೇಳೆ, ಮ್ಯಾಕರೋನಿ ಎಲ್ಲ ಬೆರೆಸಿ ಕೊಡುತ್ತಾರೆ, ಹೊಟ್ಟೆ ತುಂಬುತ್ತದೆ.