ಪಿಪ್‌ನ ದುಡ್ಡಿನ ಲೆಕ್ಕ: ತರಗತಿಯಲ್ಲಿ ಬರೆಸುವ ಬಗೆ

ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಮೇಲಿನ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸಿಗುವ ಸಾಲು: ‘ಸಂಪತ್ತು ಪಿಪ್‌ನ ಮಹತ್ವಾಕಾಂಕ್ಷೆಯ ಸಂಕೇತ.’ ಪಿಪ್ ಈ ಕಾದಂಬರಿಯ ನಾಯಕ, ಯಾರೋ ಗುಟ್ಟಾಗಿ ಕೊಡುವ ದುಡ್ಡಿನಿಂದ ಸಿರಿವಂತನಾಗುವ ಬಡ ಹುಡುಗ. ಆ ಸಾಲು ಗೈಡಿನ ಮಾತು. ತಪ್ಪಲ್ಲ, ಆದರೆ ಅಲ್ಲಿಂದ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ. ಮೊದಲ ಎರಡು ಪೀರಿಯಡ್ ಸಂಕೇತ ಎಂಬ ಪದವನ್ನೇ ಎತ್ತದೆ ಲೆಕ್ಕ ಬರೆಸಿ. ನಾಲ್ಕು ಕಲಂ ಸಾಕು: ಅಧ್ಯಾಯ, ಮೊತ್ತ, ಯಾರ ಕೈಯಿಂದ ಯಾರ ಕೈಗೆ, ಪಿಪ್ ಆಗ ಏನೆಂದುಕೊಂಡಿದ್ದ. ಕೊನೆಯದನ್ನು ಬಿಡಬಾರದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ತಾಳೆಯಾಗದಿರುವುದೇ ಈ ಕಾದಂಬರಿ.

ಆಗಿನ ಇಂಗ್ಲೆಂಡಿನ ನಾಣ್ಯದ ಕೋಷ್ಟಕ ಮೊದಲೇ ಬೋರ್ಡಿನ ಮೇಲಿರಲಿ: 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್, 21 ಶಿಲಿಂಗಿಗೆ ಒಂದು ಗಿನಿ. ಇಲ್ಲದಿದ್ದರೆ 13ನೇ ಅಧ್ಯಾಯದಲ್ಲಿ ಶ್ರೀಮಂತೆ ಮಿಸ್ ಹ್ಯಾವಿಶಾಮ್ ಕೊಡುವ 25 ಗಿನಿ, ನೋಟ್‌ಬುಕ್ಕಿನಲ್ಲಿ 25 ಪೌಂಡ್ ಆಗಿಬಿಡುತ್ತದೆ. ಗಿನಿ ನಾಣ್ಯ ಟಂಕಿಸುವುದು 1814ಕ್ಕೇ ನಿಂತಿತ್ತು. ದೊಡ್ಡವರ ಲೆಕ್ಕ ಮಾತ್ರ ಗಿನಿಯಲ್ಲೇ ನಡೆಯುತ್ತಿತ್ತು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಎರಡು ಒಂದು-ಪೌಂಡ್ ನೋಟುಗಳ ಹತ್ತಿರ. 10ನೇ ಅಧ್ಯಾಯದಲ್ಲಿ ಅಪರಿಚಿತನೊಬ್ಬ ಪಿಪ್‌ಗೆ ಒಂದು ಶಿಲಿಂಗ್ ಕೊಡುತ್ತಾನೆ. ಅದನ್ನು ಸುತ್ತಿದ ಕಾಗದ ಬಿಚ್ಚಿದರೆ ಜಿಲ್ಲೆಯ ದನದ ಸಂತೆಗಳನ್ನೆಲ್ಲ ಸುತ್ತಿ ಬಂದಂತಿರುವ ಜಿಡ್ಡು ನೋಟುಗಳು. ಅಕ್ಕ ಅವನ್ನು ಅಲಂಕಾರದ ಟೀ ಪಾತ್ರೆಯಲ್ಲಿ, ಒಣ ಗುಲಾಬಿ ಎಸಳುಗಳ ಕೆಳಗೆ ಮುಚ್ಚಿಡುತ್ತಾಳೆ. 39ನೇ ಅಧ್ಯಾಯದಲ್ಲಿ, 23 ವರ್ಷದ ಪಿಪ್, ಆ ನೋಟುಗಳನ್ನು ಕಳಿಸಿದ್ದ ಕೈದಿ ಮ್ಯಾಗ್ವಿಚ್‌ಗೆ ಎರಡು ಹೊಸ, ಶುಭ್ರ ನೋಟು ವಾಪಸು ಕೊಡುತ್ತಾನೆ. ಆತ ಅವನ್ನು ಉದ್ದಕ್ಕೆ ಮಡಚಿ, ತಿರುಚಿ, ದೀಪಕ್ಕೆ ಹಿಡಿದು ಸುಟ್ಟು ಬೂದಿಯನ್ನು ತಟ್ಟೆಗೆ ಉದುರಿಸುತ್ತಾನೆ. ‘ಅವಮಾನವಾಗಿ ಸುಟ್ಟ’ ಎಂದು ಬರೆಯುವವರಿದ್ದಾರೆ. ಮುಂದಿನ ಸಾಲು ಓದಿಸಿ: ನೀನು ಇಷ್ಟು ಚೆನ್ನಾಗಿ ಬಾಳುತ್ತಿರುವುದು ಹೇಗೆ ಎಂದು ಕೇಳುತ್ತಾನೆ. ಎರಡು ಪೌಂಡಿಗೆ ಋಣ ಮುಗಿಯಿತು ಎಂದುಕೊಂಡವನ ಮೈಮೇಲಿನ ಬಟ್ಟೆಯೂ ಈ ಕೈದಿಯ ದುಡ್ಡಿನದೇ.

34ನೇ ಅಧ್ಯಾಯ ಕಾಮರ್ಸ್ ಮಕ್ಕಳಿಗೆ ಬಿಡಿ. ಪಿಪ್‌ನ ಗೆಳೆಯ ಹರ್ಬರ್ಟ್‌ನ ಸಾಲ 164 ಪೌಂಡ್ 4 ಶಿಲಿಂಗ್ 2 ಪೆನ್ನಿ. ‘ಮಾರ್ಜಿನ್’ ಬಿಟ್ಟು 200 ಎಂದು ಬರೆದುಕೊಳ್ಳುತ್ತಾರೆ. ಆ ಮಾರ್ಜಿನ್ ತುಂಬುವಷ್ಟು ಹೊಸ ಸಾಲ ತಕ್ಷಣ ಆಗುತ್ತದೆ. ಇದಕ್ಕೆ ವಿವರಣೆ ಬೇಡ, ನಗು ತಾನಾಗಿ ಬರುತ್ತದೆ.

ವಿದ್ಯಾರ್ಥಿಗಳು ಎಡವುವುದು ಕೊನೆಯಲ್ಲಿ. ‘ದುಡ್ಡು ಕೆಟ್ಟದ್ದು, ಜೋ ಒಳ್ಳೆಯವನು’ ಎಂಬ ತೀರ್ಮಾನ (ಜೋ ಅಂದರೆ ಪಿಪ್‌ನ ಭಾವ, ಅವನನ್ನು ಸಾಕಿದ ಕಮ್ಮಾರ) ಲೆಕ್ಕದ ಮುಂದೆ ನಿಲ್ಲುವುದಿಲ್ಲ. 21 ತುಂಬಿದಾಗ ಬಂದ 500 ಪೌಂಡಿನಲ್ಲಿ ಅರ್ಧವನ್ನು ಪಿಪ್ ಗುಟ್ಟಾಗಿ ಹರ್ಬರ್ಟ್‌ನ ವ್ಯಾಪಾರಕ್ಕೆ ಹಾಕಿದ್ದ. ಮ್ಯಾಗ್ವಿಚ್‌ನ ಆಸ್ತಿ ಸರ್ಕಾರದ ಪಾಲಾದ ಮೇಲೆ ಪಿಪ್‌ಗೂ ಅನ್ನ ಕೊಡುವುದು ಅದೇ ವ್ಯಾಪಾರ. ಜೋ ಕೂಡ ದುಡ್ಡು ಕೊಟ್ಟೇ ಹೋಗುತ್ತಾನೆ. ಕೋಷ್ಟಕದ ಆ ಸಾಲನ್ನು ವಿದ್ಯಾರ್ಥಿಗಳ ಕೈಯಿಂದಲೇ ತುಂಬಿಸಿ: 57ನೇ ಅಧ್ಯಾಯ, 123 ಪೌಂಡ್ 15 ಶಿಲಿಂಗ್ 6 ಪೆನ್ನಿ, ಜೋನ ಕೈಯಿಂದ ಪಿಪ್‌ಗೆ ಸಾಲ ಕೊಟ್ಟವನ ಕೈಗೆ, ರಸೀದಿ ಕಾಣುವವರೆಗೂ ಸಾಲ ಕೊಟ್ಟವನೇ ವಸೂಲಿ ಕೈಬಿಟ್ಟಿರಬೇಕು ಎಂದು ಪಿಪ್ ಅಂದುಕೊಂಡಿದ್ದ.