ಹಳೆಯ ಎಸ್ಟರ್‌ಬ್ರೂಕ್ ಜೆ ಪೆನ್ನಿಗೆ ಯಾವ ನಿಬ್ಬು?

ಎಸ್ಟರ್‌ಬ್ರೂಕ್ ಜೆ ಎಂಬ ಅಮೆರಿಕದ ಫೌಂಟನ್ ಪೆನ್ನಿನಲ್ಲಿ ನಿಬ್ಬು, ಅದರಡಿಯಲ್ಲಿ ಇಂಕು ಹರಿಸುವ ಫೀಡ್, ಎರಡನ್ನೂ ಹಿಡಿದಿಡುವ ತಿರುಪಿನ ಕಾಲರ್ ಮೂರೂ ಒಂದೇ ತುಂಡಾಗಿ ಬಿಚ್ಚಿಬರುತ್ತವೆ. ಕೊಳ್ಳುವಾಗ ನಿಬ್ಬಿನ ಮೇಲಿರುವ ನಾಲ್ಕಂಕಿಯ ಸಂಖ್ಯೆ ನೋಡಿ. 1 ಅಥವಾ 2ರಿಂದ ಶುರುವಾದರೆ ಬರೀ ಉಕ್ಕು, ತುದಿಯನ್ನು ಮಡಚಿ ಮಾಡಿದ್ದು. ಹಿಂದಿನವರು ಬರೆದೂ ಬರೆದೂ ಸವೆಸಿರುತ್ತಾರೆ. 9ರಿಂದ ಶುರುವಾದರೆ ತುದಿಗೆ ಗಟ್ಟಿ ಲೋಹ ಬೆಸೆದಿರುತ್ತದೆ. ದುಬಾರಿಯಾದರೂ ದಿನಬಳಕೆಗೆ ಅದೇ ಸರಿ. 9668 ಮಧ್ಯಮ ಗೆರೆ, 9556 ಸಣ್ಣ ಗೆರೆ. ಕನ್ನಡವನ್ನು ಚಿಕ್ಕದಾಗಿ ಬರೆಯುವವರು 9556 ತಗೊಳ್ಳಿ. ಮಧ್ಯಮದಲ್ಲಿ ‘ಕ್ಷ್ಮ’ದ ಹೊಟ್ಟೆ ಇಂಕಿನಿಂದ ಮುಚ್ಚಿಹೋಗುತ್ತದೆ.

ಪೆನ್ನಿನಲ್ಲಿರುವ ಹಳೆಯ ನಿಬ್ಬು ಜಪ್ಪಯ್ಯ ಅಂದರೂ ಬಿಚ್ಚಿಬರುತ್ತಿಲ್ಲವೇ? ತಿರುಪಿನಲ್ಲಿ ಇಂಕು ಒಣಗಿ ಹಿಡಿದಿರುತ್ತದೆ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಬಿಸಿನೀರು, ಸ್ಪಿರಿಟ್ ಬೇಡ, ಪ್ಲಾಸ್ಟಿಕ್ ಕೆಡುತ್ತದೆ. ನಿಬ್ಬು, ಫೀಡ್ ಎರಡನ್ನೂ ಒಟ್ಟಿಗೆ ಹಿಡಿದು ಎಡಕ್ಕೆ ತಿರುಗಿಸಿ. ನಿಬ್ಬನ್ನಷ್ಟೇ ತಿರುಚಿದರೆ ಅದು ಫೀಡಿನಿಂದ ಪಕ್ಕಕ್ಕೆ ಸರಿದು ಇಂಕು ಇಳಿಯುವುದಿಲ್ಲ.