ಇಲಿ ಮೇಷ್ಟ್ರು ಮತ್ತು ಹನ್ನೆರಡು ಟ್ಯೂಬು

ಇಲಿ ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದು ಅರ್ಧ ಗಂಟೆಯಾಗಿರಲಿಲ್ಲ, ಮೂರು ಜನ ಬೇರೆ ಬೇರೆ ಊರುಗಳಿಂದ ಒಂದೇ ಮಾತು ಬರೆದರು: ‘ಪಕ್ಕದಲ್ಲಿ ಏನಿದೆ?’ ಅದು ಮೇಷ್ಟ್ರ ಮಾತು. ತಳಿವಿಜ್ಞಾನದ ಎರಡು ಸೆಮಿಸ್ಟರಿನಲ್ಲಿ ಅವರು ಮುಗಿಸಬೇಕಾಗಿದ್ದ ಪಠ್ಯ ಏನಿತ್ತೋ ಈಗ ಯಾರಿಗೂ ಗೊತ್ತಿಲ್ಲ. ಮುಗಿಸಿದ್ದರೆಂಬ ಖಾತ್ರಿಯೂ ಇಲ್ಲ. ಡಗ್ಲಸ್ ಕೋಲ್‌ಮನ್ ಎಂಬ ಒಬ್ಬ ವಿಜ್ಞಾನಿಯ ಬೊಜ್ಜಿನ ಇಲಿಗಳ ಮೇಲೆ ಅವರು ಆರು ವಾರ ಮಾಡಿದ ಪಾಠ ಮಾತ್ರ ಕರಿಹಲಗೆಯ ಗೆರೆಗಳ ಸಮೇತ ಉಳಿದಿದೆ.

ಪಾಠ ಶುರುವಾಗುತ್ತಿದ್ದುದು ಬೆಂಕಿಯಿಂದ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯ 1947ರ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು. ಹಿಂದೆ ಅಲ್ಲಿಂದ ಇಲಿಗಳನ್ನು ಒಯ್ದಿದ್ದ ಸಂಶೋಧಕರು ತಮ್ಮಲ್ಲಿದ್ದ ಸಂತಾನವನ್ನು ವಾಪಸು ಕಳಿಸಿದರು, ತಳಿಗಳು ಮತ್ತೆ ಕಟ್ಟಿಕೊಂಡವು. ಎರಡೇ ವರ್ಷಕ್ಕೆ, 1949ರಲ್ಲಿ, ಅಲ್ಲಿನ ಪಂಜರವೊಂದರಲ್ಲಿ ಮಿತಿಮೀರಿ ದಪ್ಪಗಾಗುವ ಇಲಿಗಳು ಕಾಣಿಸಿಕೊಂಡವು. ಆ ದೋಷಕ್ಕೆ ‘ಓಬಿ’ ಎಂದು ಹೆಸರಾಯಿತು. ತಂದೆಯಿಂದೊಂದು ತಾಯಿಯಿಂದೊಂದು ಬರುವ ವಂಶವಾಹಿಯ ಎರಡು ಪ್ರತಿಯೂ ಕೆಟ್ಟಿದ್ದರೆ ಮರಿ ನಾಲ್ಕು ವಾರದ ಹೊತ್ತಿಗೆ ಗುರುತು ಸಿಗುವಷ್ಟು ಉಬ್ಬುತ್ತದೆ, ಬೆಳೆದಾಗ ಒಡಹುಟ್ಟಿದವುಗಳ ಮೂರರಷ್ಟು ತೂಗಬಹುದು. ಕೋಲ್‌ಮನ್ ಅಲ್ಲಿಗೆ ಬಂದದ್ದು 1958ರಲ್ಲಿ. ಕೆನಡಾದವರು, ಓದಿದ್ದು ಜೀವರಸಾಯನ. ಒಂದೆರಡು ವರ್ಷ ಇದ್ದು ಹೋಗೋಣ ಎಂದು ಬಂದವರು 1991ರಲ್ಲಿ ನಿವೃತ್ತರಾಗುವ ತನಕ ಅಲ್ಲೇ ಉಳಿದರು. 1966ರಲ್ಲಿ ‘ಡಿಬಿ’ ಎಂಬ ಇನ್ನೊಂದು ದೋಷ ಪ್ರಕಟವಾಯಿತು. ನೋಡಲು ಅದೇ ಬೊಜ್ಜು, ಜೊತೆಗೆ ಭಾರೀ ಮಧುಮೇಹ.

ಇಲ್ಲಿಗೆ ಬಂದಾಗ ಮೇಷ್ಟ್ರು ಹಲಗೆಯ ಮೇಲೆ ಎರಡು ಇಲಿ ಬಿಡಿಸಿ ಮಧ್ಯೆ ಅಡ್ಡಗೆರೆ ಎಳೆಯುತ್ತಿದ್ದರು. ಅವರ ಇಲಿಗಳು ಇಲಿಯ ಹಾಗಿರಲಿಲ್ಲ, ಬಾಲ ಬಂದ ಬದನೆಕಾಯಿಯ ಹಾಗಿದ್ದವು. ಅಡ್ಡಹೆಸರು ಬಿದ್ದದ್ದೂ ಆಗಲೇ. ಆ ಚಿತ್ರದ ಪ್ರಯೋಗ ಇದು: ಎರಡು ಇಲಿಗಳ ಅಕ್ಕಪಕ್ಕದ ಪಕ್ಕೆಯನ್ನು ಭುಜದಿಂದ ಸೊಂಟದವರೆಗೆ ಸೀಳಿ, ಒಂದರ ಚರ್ಮಕ್ಕೆ ಇನ್ನೊಂದರದನ್ನು ಸೇರಿಸಿ ಹೊಲಿಯುತ್ತಾರೆ. ಕೆಲವು ದಿನಗಳಲ್ಲಿ ಗಾಯದ ಅಂಚಿನಲ್ಲಿ ಸಣ್ಣ ರಕ್ತನಾಳಗಳು ಬೆಳೆದು ಕೂಡಿಕೊಳ್ಳುತ್ತವೆ. ಬಾಯಿ ಬೇರೆ, ಹೊಟ್ಟೆ ಬೇರೆ, ಮಿದುಳು ಬೇರೆ. ರಕ್ತ ಮಾತ್ರ ಇತ್ತಿಂದತ್ತ ನಿಧಾನವಾಗಿ ಹೋಗಿಬರುತ್ತದೆ. ಹೀಗಾಗಿ ಒಂದರಲ್ಲಿ ನಡೆದದ್ದು ಇನ್ನೊಂದಕ್ಕೆ ತಾಗಿದರೆ, ಆ ಸುದ್ದಿ ರಕ್ತದಲ್ಲೇ ಹೋಗಿರಬೇಕು.

ಕೋಲ್‌ಮನ್ ಡಿಬಿ ಇಲಿಯನ್ನು ಸಾಮಾನ್ಯ ಇಲಿಗೆ ಹೊಲಿದರು. ಮಧುಮೇಹ ತರುವ ಏನಾದರೂ ದಾಟೀತೇ ಎಂದು ನೋಡುವುದಿತ್ತು. ದಾಟಲಿಲ್ಲ, ಸತ್ತದ್ದು ಸಾಮಾನ್ಯ ಇಲಿ. ‘ಯಾಕೆ ಸತ್ತಿತು?’ ಎಂದು ಮೇಷ್ಟ್ರು ಕೇಳಿದರೆ ಇಡೀ ಕ್ಲಾಸು ‘ಸೋಂಕು ಸರ್’ ಎನ್ನುತ್ತಿತ್ತು. ‘ಜಠರ ಬಿಚ್ಚಿ ನೋಡ್ರಪ್ಪಾ.’ ಜಠರ ಖಾಲಿ. ರಕ್ತದ ಸಕ್ಕರೆ ಉಪವಾಸದ ಮಟ್ಟಕ್ಕೆ ಇಳಿದಿತ್ತು. ಎದುರಿಗೆ ಆಹಾರವಿದ್ದೂ ಅದು ತಿಂದಿರಲಿಲ್ಲ, ಪಕ್ಕದ ಡಿಬಿ ಇಲಿ ಮಾತ್ರ ತಿನ್ನುತ್ತಲೇ ಇತ್ತು. ಡಿಬಿಯ ಸಕ್ಕರೆ ಯಾಕೆ ಈ ಕಡೆ ಹರಿದು ಬರಲಿಲ್ಲ ಎಂಬುದು ಮುಂದಿನ ಪ್ರಶ್ನೆ. ರಕ್ತ ಕೂಡುವುದು ನಿಧಾನ, ಬಂದಷ್ಟು ಸಕ್ಕರೆಯನ್ನು ಆರೋಗ್ಯವಂತ ದೇಹ ಆಗಿಂದಾಗಲೇ ಖರ್ಚು ಮಾಡಿಬಿಡುತ್ತದೆ. ಅಷ್ಟು ಬೇಗ ಖರ್ಚಾಗದ ಹಾರ್ಮೋನಾದರೆ ಬಂದು ಕೂತು ಕೆಲಸ ಮಾಡಬಲ್ಲದು.

ಇದು 1969ರದ್ದು. ಓಬಿಗೂ ಡಿಬಿಗೂ ಹೊಲಿಯುವ ನಿಜವಾದ ಪ್ರಯೋಗ ಪ್ರಕಟವಾದದ್ದು 1973ರಲ್ಲಿ. ನಡುವೆ ನಾಲ್ಕು ವರ್ಷ ಯಾಕೆ? ಮೇಷ್ಟ್ರು ಇದರ ಮೇಲೆ ಒಂದು ವಾರ ಕಳೆದರು. ಓಬಿ ದೋಷವನ್ನು ಸಾಕುತ್ತಿದ್ದುದು ಬ್ಲ್ಯಾಕ್ ಸಿಕ್ಸ್ ಎಂಬ ತಳಿಯಲ್ಲಿ, ಡಿಬಿ ದೋಷ ಇದ್ದದ್ದು ಕೆಎಸ್ ಎಂಬ ತಳಿಯಲ್ಲಿ. ತಳಿ ಬೇರೆಯಾದರೆ ಒಂದರ ದೇಹ ಇನ್ನೊಂದನ್ನು ಪರಕೀಯವೆಂದು ತಳ್ಳುತ್ತದೆ, ಹೊಲಿದ ಜೋಡಿ ಬೇರೆಯದೇ ಕಾರಣಕ್ಕೆ ಸಾಯುತ್ತದೆ. ಆದ್ದರಿಂದ ಎರಡೂ ದೋಷಗಳನ್ನು ಒಂದೇ ತಳಿಯೊಳಕ್ಕೆ ತರಬೇಕು. ಓಬಿ ಇಲಿ ಬಂಜೆ. ಒಂದೇ ಪ್ರತಿ ಕೆಟ್ಟಿರುವ ವಾಹಕಗಳ ಮೂಲಕವೇ ದಾಟಿಸಬೇಕು. ವಾಹಕವೋ, ನೋಡಲು ಥೇಟ್ ಸಾಮಾನ್ಯ ಇಲಿ. ಪ್ರತಿ ತಲೆಮಾರಿನಲ್ಲೂ ಪರೀಕ್ಷಾರ್ಥ ಕೂಡಿಸಿ, ಮೂರು ವಾರ ಬಸಿರು ಕಾದು, ಮರಿಗೆ ನಾಲ್ಕು ವಾರ ತುಂಬುವ ತನಕ ಕಾದು, ದಪ್ಪ ಮರಿ ಹುಟ್ಟಿದರೆ ಮಾತ್ರ ‘ಸರಿ, ಇದು ವಾಹಕ’ ಎನ್ನಬೇಕು. ಹಳೇ ತಳಿಯ ಪಾಲು ತಲೆಮಾರಿಗೆ ಅರ್ಧದಂತೆ ಇಳಿದು, ಹತ್ತು ಸಲ ದಾಟಿಸಿದರೆ ಸಾವಿರದಲ್ಲೊಂದು ಪಾಲಿಗೆ ಬರುತ್ತದೆ.

ಡಿಬಿಗೆ ಒಂದು ಒಳದಾರಿಯಿತ್ತು. ಮೈಬಣ್ಣವನ್ನು ಮಬ್ಬು ಬೂದಿಗೆ ತಿರುಗಿಸುವ ‘ಮಿಸ್ಟಿ’ ಎಂಬ ವಂಶವಾಹಿ ಅದೇ 4ನೇ ವರ್ಣತಂತುವಿನಲ್ಲಿ ಡಿಬಿಗೆ ತೀರಾ ಹತ್ತಿರ ಇದೆ. ಒಂದು ವರ್ಣತಂತುವಿನ ಮೇಲೆ ಮಿಸ್ಟಿ, ಅದರ ಜೋಡಿಯ ಮೇಲೆ ಡಿಬಿ ಇರುವಂತೆ ತಳಿ ಕಟ್ಟಿದರೆ, ಬೂದಿ ಮರಿ ದೋಷಮುಕ್ತ, ಕಪ್ಪು ದಪ್ಪ ಮರಿ ರೋಗಿ, ಕಪ್ಪು ತೆಳ್ಳನೆಯ ಮರಿ ವಾಹಕ. ಕಣ್ಣಲ್ಲೇ ವಿಂಗಡಣೆ! ಈಗಲೂ ಆ ತಳಿಯನ್ನು ಹಾಗೇ ಸಾಕುತ್ತಾರೆ.

ಕೊನೆಗೆ ಜೋಡಿ ಹೊಲಿದಾಗ ಓಬಿ ಇಲಿ ಊಟ ಬಿಟ್ಟು ಸತ್ತಿತು, ಡಿಬಿಗೆ ಏನೂ ಆಗಲಿಲ್ಲ. ಓಬಿಯನ್ನು ಸಾಮಾನ್ಯ ಇಲಿಗೆ ಹೊಲಿದರೆ ಓಬಿ ಕಡಿಮೆ ತಿಂದು ಬದುಕಿತು. ಅಂದರೆ ‘ಹೊಟ್ಟೆ ತುಂಬಿತು’ ಎನ್ನುವ ಸಂದೇಶ ಓಬಿಯಲ್ಲಿ ತಯಾರಾಗುವುದಿಲ್ಲ, ಬಂದರೆ ಕೇಳಿಸುತ್ತದೆ. ಡಿಬಿಯಲ್ಲಿ ಬೇಕಾದಷ್ಟು ತಯಾರಾಗುತ್ತದೆ, ಕೇಳಿಸುವುದಿಲ್ಲ. ಇನ್ನೂ ಒಂದು ಫಲ ಸಿಕ್ಕಿತು. ಬ್ಲ್ಯಾಕ್ ಸಿಕ್ಸ್‌ನಲ್ಲಿ ಬೊಜ್ಜಿನ ಜೊತೆ ಅಷ್ಟಿಷ್ಟು ಸಕ್ಕರೆ ಏರಿ ಇಳಿಯುವಂತೆ ಮಾಡುವ ದೋಷವೇ ಕೆಎಸ್ ತಳಿಯೊಳಗೆ ಹೋದರೆ ಇನ್ಸುಲಿನ್ ಕೋಶಗಳು ಸವೆದು ಇಲಿ ಬೇಗ ಸಾಯುತ್ತದೆ. ವಂಶವಾಹಿ ಒಂದೇ; ಅದರ ಪಕ್ಕದಲ್ಲಿ ಏನಿದೆ ಎಂಬುದು ರೋಗದ ಜೋರನ್ನು ತೀರ್ಮಾನಿಸುತ್ತದೆ.

ನಮ್ಮ ಬೆಂಚಿನ ಕಿತಾಪತಿಯನ್ನೂ ಹೇಳಿಬಿಡುತ್ತೇನೆ. 1994ರ ಡಿಸೆಂಬರಿನಲ್ಲಿ ರಾಕಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಓಬಿ ವಂಶವಾಹಿಯನ್ನು ಪ್ರಕಟಿಸಿತ್ತು. ಅದು ಕೊಬ್ಬಿನ ಕೋಶ ಮಾಡುವ 167 ಅಮೈನೊ ಆಮ್ಲಗಳ ಪ್ರೋಟೀನಿನದು, ಆಮೇಲೆ ಅದಕ್ಕೆ ಲೆಪ್ಟಿನ್ ಎಂದು ಹೆಸರಾಯಿತು. ಓಬಿ ಇಲಿಯಲ್ಲಿ 105ನೇ ಜಾಗದ ಸಿಜಿಎ ಎಂಬ ಮೂರಕ್ಷರದ ಸಂಕೇತ, ‘ನಿಲ್ಲು’ ಎನ್ನುವ ಟಿಜಿಎ ಆಗಿ ಪ್ರೋಟೀನು ಅರ್ಧದಲ್ಲೇ ನಿಲ್ಲುತ್ತದೆ. ಆ ಒಂದು ಅಕ್ಷರದ ಬದಲಾವಣೆ ಡಿಡಿಇ-1 ಎಂಬ ಕಿಣ್ವಕ್ಕೆ ಕತ್ತರಿಸುವ ಜಾಗವನ್ನೂ ಒದಗಿಸುತ್ತದೆ. ಡಿಎನ್‌ಎಯ ಒಂದು ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ನಲ್ಲಿ ಬಂದ 155 ಅಕ್ಷರಜೋಡಿಯ ತುಣುಕು ಸಾಮಾನ್ಯ ಇಲಿಯದಾದರೆ ಹಾಗೇ ಉಳಿಯುತ್ತದೆ, ಓಬಿಯದಾದರೆ 100 ಮತ್ತು 55 ಆಗಿ ತುಂಡಾಗುತ್ತದೆ, ವಾಹಕದ್ದಾದರೆ, ತುಣುಕುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಮೂರೂ ಪಟ್ಟಿ ಕಾಣುತ್ತವೆ.

ಮೇಷ್ಟ್ರು ಎಲ್ಲಿಂದಲೋ ಬೇಡಿ ತಂದಿದ್ದ ಡಿಎನ್‌ಎ, ವಾಹಕ ತಂದೆತಾಯಿಯ ಹನ್ನೆರಡು ಮರಿಗಳದು. ಟ್ಯೂಬಿಗೆ 10 ಮೈಕ್ರೊಲೀಟರ್ ಪಿಸಿಆರ್ ದ್ರವ, 2 ಬಫರ್, 7 ನೀರು, 1 ಕಿಣ್ವ. 37 ಡಿಗ್ರಿಯಲ್ಲಿ ಎರಡು ಗಂಟೆ. ಅವತ್ತು ಸಂಜೆ ಪಂದ್ಯವಿತ್ತು. ಒಂದೇ ವಾಹಕದ ದ್ರವ ಕತ್ತರಿಸಿ ಜೆಲ್ಲಿನ ಹನ್ನೆರಡೂ ಗುಂಡಿಗೆ ಹಂಚಿದೆವು. ವಾಹಕವನ್ನೇ ಆರಿಸಿದ್ದು ಮೂರು ಪಟ್ಟಿ ಬಂದರೆ ಬಹಳ ಕೆಲಸ ಮಾಡಿದ ಹಾಗೆ ಕಾಣುತ್ತದೆಂದು.

ಮೇಷ್ಟ್ರು ಜೆಲ್ ನೋಡಿ ಬಯ್ಯಲಿಲ್ಲ. ‘ಹನ್ನೆರಡಕ್ಕೆ ಹನ್ನೆರಡೂ ವಾಹಕ ಆಗೋ ಸಂಭವ ಎಷ್ಟಯ್ಯಾ?’ ಒಂದಕ್ಕೆ ಅರ್ಧ, ಹನ್ನೆರಡಕ್ಕೆ 4,096ರಲ್ಲಿ ಒಂದು. ‘ಆಗಲಿ, ನಿಮ್ಮ ಅದೃಷ್ಟ ದೊಡ್ಡದು. ಎಲ್ಲ ಪಟ್ಟಿಯ ಹೊಳಪೂ ಒಂದೇ ಸಮ ಬರೋಷ್ಟು ದೊಡ್ಡದಾ? ಅದೂ ಹೋಗಲಿ, ಓಬಿಯ ತುಣುಕು ಪೂರ್ತಿ ಕತ್ತರಿಸದೆ ಉಳಿದರೂ ಮೂರು ಪಟ್ಟಿ ಬರುತ್ತೆ. ಪಕ್ಕದಲ್ಲಿ ಏನಿದೆ?’ ಪಕ್ಕದಲ್ಲಿ ಏನೂ ಇರಲಿಲ್ಲ. ಗೊತ್ತಿರುವ ಓಬಿ, ಗೊತ್ತಿರುವ ವಾಹಕ, ಗೊತ್ತಿರುವ ಸಾಮಾನ್ಯ, ಮೂರನ್ನೂ ಬಿಟ್ಟಿದ್ದೆವು. ಮತ್ತೆ ಮಾಡಿಸಿದರು. ಕಿಣ್ವ ಗ್ಲಿಸರಾಲ್ ಎಂಬ ಭಾರದ ದ್ರವದಲ್ಲಿರುವುದರಿಂದ ಟ್ಯೂಬಿನ ತಳಕ್ಕೆ ಇಳಿದು ಕೂರುತ್ತದೆ, ಬೆರಳಲ್ಲಿ ತಟ್ಟಿ ಬೆರೆಸದಿದ್ದರೆ ಅರೆಬರೆ ಕತ್ತರಿಸುತ್ತದೆ. ಬೇಗ ಆಗಲೆಂದು ಒಟ್ಟು ದ್ರವದ ಹತ್ತರಲ್ಲೊಂದಕ್ಕಿಂತ ಹೆಚ್ಚು ಸುರಿದರೆ ಗ್ಲಿಸರಾಲ್ ಜಾಸ್ತಿಯಾಗಿ ಸಲ್ಲದ ಕಡೆಯೂ ಕತ್ತರಿಸಬಹುದು. ಇದೆಲ್ಲ ಅಂದು ರಾತ್ರಿ ಎಂಟಕ್ಕೆ ಕಲಿತದ್ದು. ಪಂದ್ಯ ಯಾರು ಗೆದ್ದರೋ.

ಈಗ ಪ್ರಾಕ್ಟಿಕಲ್ಲಿಗೆ ಕಿಟ್ ಬರುತ್ತದೆ, ಹೋಲಿಕೆಯ ಮಾದರಿಯೂ ಅದರೊಳಗೇ ಬರುತ್ತದೆ, ಅದು ಯಾಕಿದೆಯೆಂದು ಕೇಳುವ ಮಗು ಕಡಿಮೆ. ‘ಲೆಪ್ಟಿನ್ ಕಂಡುಹಿಡಿದ ವರ್ಷ’ಕ್ಕೆ ನಾಲ್ಕು ಆಯ್ಕೆ ಕೊಟ್ಟು ಒಂದಕ್ಕೆ ಗುರುತು ಹಾಕಿಸುತ್ತಾರೆ. ಬೊಜ್ಜಿರುವ ಬಹುಪಾಲು ಜನರ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಿಲ್ಲ, ಹೆಚ್ಚೇ ಇರುತ್ತದೆ. ಹುಟ್ಟಿನಿಂದಲೇ ಅದು ಇಲ್ಲದ ಮಕ್ಕಳು ತೀರಾ ಅಪರೂಪ, ಚುಚ್ಚುಮದ್ದು ಅದ್ಭುತವಾಗಿ ಫಲಿಸುವುದು ಅಂಥವರಿಗೆ. ಆ ವ್ಯತ್ಯಾಸ 1973ರ ಎರಡು ಬದನೆಕಾಯಿ ಚಿತ್ರಗಳಲ್ಲೇ ಇತ್ತು. ಕೋಲ್‌ಮನ್, ಫ್ರೀಡ್‌ಮನ್ ಇಬ್ಬರಿಗೂ 2010ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್ ಬರದೆಯೇ 2014ರಲ್ಲಿ ಕೋಲ್‌ಮನ್ ಹೋದರು. ಆ ವಾರ ಫೋನ್ ಮಾಡಿದಾಗ ಮೇಷ್ಟ್ರು ಸಿಟ್ಟಲ್ಲಿದ್ದರು.

ಅವರ ಕೊನೆಯ ಪರೀಕ್ಷೆಯ ಒಂದು ಪ್ರಶ್ನೆಯನ್ನು ಈಗಿನ ವಿದ್ಯಾರ್ಥಿಗಳಿಗೆ ಬಿಟ್ಟುಕೊಡುತ್ತೇನೆ. ಓಬಿ ವಾಹಕ ಜೋಡಿಗೆ ಹುಟ್ಟಿದ ಒಂದು ತೆಳ್ಳನೆಯ ಇಲಿ. ಅದನ್ನು ಗೊತ್ತಿರುವ ವಾಹಕದೊಂದಿಗೆ ಕೂಡಿಸಿದಾಗ ಹದಿನಾರು ಮರಿ, ಹದಿನಾರೂ ತೆಳ್ಳಗೆ. ಅದು ವಾಹಕವಾಗಿರುವ ಸಂಭವ ಎಷ್ಟು? ಮುಕ್ಕಾಲನ್ನು ಹದಿನಾರು ಸಲ ಗುಣಿಸಿ ‘ನೂರಕ್ಕೆ ಒಂದು’ ಎಂದು ಬರೆದವರಿಗೆ ಮೇಷ್ಟ್ರು ಅರ್ಧ ಅಂಕ ಕೊಟ್ಟರು. ಆ ಇಲಿ ಪರೀಕ್ಷೆಗೆ ಬರುವ ಮುಂಚೆಯೇ ವಾಹಕವಾಗಿರುವ ಸಂಭವ ಮೂರಕ್ಕೆ ಎರಡಿತ್ತು, ಅದನ್ನು ಸೇರಿಸಿದರೆ ಉತ್ತರ ಸುಮಾರು ನೂರಕ್ಕೆ ಎರಡು. ನಮ್ಮ ಬ್ಯಾಚಿನಲ್ಲಿ ಪೂರ್ತಿ ಅಂಕ ಸಿಕ್ಕಿದ್ದು ಇಬ್ಬರಿಗೆ. ಒಬ್ಬಳು ಈಗ ಇದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಇನ್ನೊಬ್ಬ ಯಾರೆಂದು ನಾನೇ ಬರೆದುಕೊಂಡರೆ ಚೆನ್ನಾಗಿರುವುದಿಲ್ಲ.